ಮೇಸ್ತ್ರಿ ಮನೆಯಲ್ಲಿ ಓದುವವರೆಷ್ಟು ಜನ?

ಜನ್ನಾಪುರದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟ ಮೇಲೆ ನಾನು ಟೀವಿ ನೋಡುವುದನ್ನೇ ಬಿಟ್ಟಿದ್ದೇನೆ. ಬೇಕಾದ ಧಾರಾವಾಹಿಯೆಲ್ಲ ನನ್ನ ಕೌಂಟರಿನ ಮುಂದೆಯೇ ನಡೆಯುತ್ತದೆ, ನಡುವೆ ಜಾಹೀರಾತಿನ ಕಾಟವೂ ಇಲ್ಲ. ಅದರಲ್ಲೂ ಪಿಯುಸಿ ಫಲಿತಾಂಶ ಬಂದು ಸಿಇಟಿ ಸೀಟು ಹಂಚುವ ದಿನಗಳು ಬಂದವೆಂದರೆ ಕೇಳುವುದೇ ಬೇಡ. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: "ಮೇಡಂ, ಸ್ಕಾಲರ್‌ಶಿಪ್ ಎಷ್ಟು ಬರುತ್ತೆ?" ನಾನೇ ಸರ್ಕಾರ, ನನ್ನ ಡ್ರಾವರಿನಲ್ಲೇ ಖಜಾನೆ ಇದೆ ಅನ್ನುವ ಹಾಗೆ ಕೇಳುತ್ತಾರೆ.

ಈ ಸಲ ನನ್ನನ್ನು ಎಲ್ಲರಿಗಿಂತ ಹೆಚ್ಚು ನಗಿಸಿದವರು, ಅಷ್ಟೇ ಗೋಳು ಹೊಯ್ದುಕೊಂಡವರು ನಮ್ಮ ಬೀದಿಯ ಪೇಂಟಿಂಗ್ ಮೇಸ್ತ್ರಿ.

೧. ಗೋಡೆ ನೋಡಿ ಹೇಳಿದ ಹಾಗೆ

ಮೇಸ್ತ್ರಿ ಅಂದಾಜಿಗೆ ಹೆಸರಾದವರು. ಮನೆಯೊಳಗೆ ಒಂದು ಸುತ್ತು ಬಂದು, ಗೋಡೆಯನ್ನು ಬೆರಳಲ್ಲಿ ತಟ್ಟಿ, ಕತ್ತೆತ್ತಿ ತಾರಸಿ ನೋಡಿ "ಇಷ್ಟಾಗುತ್ತೆ" ಅಂದರೆ ಅಷ್ಟೇ ಆಗುತ್ತದೆ. ಟೇಪು ಹಿಡಿದು ಅಳೆಯುವವರನ್ನು ಕಂಡರೆ ಅವರಿಗೆ ನಗು.

ಒಂದು ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಮೂರು ಮಕ್ಕಳನ್ನೂ ಕರೆದುಕೊಂಡು ಬಂದು ನಿಂತಿದ್ದರು. ಅಪ್ಪ ಮಕ್ಕಳೆಲ್ಲರ ಮುಖದಲ್ಲೂ ಹಬ್ಬ. ಚಿಕ್ಕ ಮಗಳಿಗೆ ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು! ಅಪ್ಪ ತಂದಿಟ್ಟ ಖಾಲಿ ಪೇಂಟ್ ಡಬ್ಬಗಳಲ್ಲೆಲ್ಲ ಬದನೆ, ಮೆಣಸಿನ ಗಿಡ ಬೆಳೆಸಿ ಬೀದಿಗೆಲ್ಲ ಹಂಚುವ ಹುಡುಗಿ ಅವಳು. ಅವಳಿಗೆ ಆ ಸೀಟು ಸಿಕ್ಕಿದ್ದು ಕೇಳಿ ನನಗೇ ಕುಣಿಯುವ ಹಾಗಾಯಿತು.

ತೊಡಕಿದ್ದದ್ದು ಒಂದೇ. ದೊಡ್ಡ ಮಗಳು ಇದೇ ವರ್ಷ ಶಿವಮೊಗ್ಗದಲ್ಲಿ ಎಂ.ಎಸ್ಸಿ.ಗೆ ಸೇರಿದ್ದಳು. ನಡುವಿನ ಮಗ ಡಿಪ್ಲೊಮಾ ಓದುತ್ತಿದ್ದ. ಮೂವರ ಫೀಸೂ ಒಟ್ಟಿಗೆ ಬಂದು ಕೂತಿತ್ತು. ನೆರವು ಎಷ್ಟು ಸಿಗುತ್ತದೆಂದು ಗೊತ್ತಾಗದೆ ನವುಲೆಯ ಸೀಟಿಗೆ ಕೈ ಹಾಕುವ ಧೈರ್ಯ ಅಪ್ಪನಿಗಿಲ್ಲ. ಗಡುವಿನೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು.

ಮೇಸ್ತ್ರಿ ಮೂವರನ್ನೂ ನನ್ನ ಅಂಗಡಿಯ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದರು.

"ನೋಡಿ ಮೇಡಂ, ಮೂವರೂ ಇದಾರೆ. ಅಂದಾಜು ಎಷ್ಟು ಬರುತ್ತೆ ಹೇಳ್ಬಿಡಿ."

"ಮಕ್ಕಳ ಮುಖ ನೋಡಿ ಹೇಳೋಕಾಗುತ್ತಾ ಮೇಸ್ತ್ರಿ? ವರಮಾನ, ಕೋರ್ಸು, ಮಾರ್ಕ್ಸು ಎಲ್ಲ ಹಾಕಿ ನೋಡ್ಬೇಕು."

"ನಾನು ಗೋಡೆ ಮುಖ ನೋಡಿ ಹೇಳಲ್ವಾ? ನೀವೂ ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದೀರಿ!"

ನನಗೆ ರೋಷ ಬಂತು. ಕಂಪ್ಯೂಟರಿನಲ್ಲಿ ಒಂದೊಂದಾಗಿ ಎಲ್ಲ ಹಾಕಿ, ಸರ್ಕಾರದಿಂದ ಮೂವರಿಗೂ ಸೇರಿ ಹೆಚ್ಚುಕಡಿಮೆ ಇಷ್ಟು ಬರಬಹುದು ಅಂದೆ. ಮೇಸ್ತ್ರಿ ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಮುಖ ಅರಳಿತು.

"ಸಾಕು ಮೇಡಂ, ನವುಲೆ ಫೀಸಿಗೆ ಆಗೋಗುತ್ತೆ! ಯಾವಾಗ ಕೈಗೆ ಬರುತ್ತೆ?"

"ಈ ವರ್ಷದ್ದು ಬರುವಾಗ ಮುಂದಿನ ವರ್ಷ ಆಗ್ಬಹುದು."

"ಫೀಸು ಕಟ್ಟೋದು ಈ ತಿಂಗಳು, ದುಡ್ಡು ಬರೋದು ಮುಂದಿನ ವರ್ಷ. ನಾನೂ ಬೇಕಾದಷ್ಟು ಕಂಪನಿ ಬಣ್ಣ ನೋಡಿದೀನಿ ಮೇಡಂ, ಇಷ್ಟು ನಿಧಾನಕ್ಕೆ ಒಣಗೋ ಪೇಂಟ್ ನೋಡೇ ಇಲ್ಲ!"

೨. ತಲೆ ಹೆಚ್ಚಿದಷ್ಟೂ ಲಾಭ

ಅಷ್ಟಕ್ಕೆ ಬಿಡುವವಳು ನಾನಲ್ಲ. ಆ ಹುಡುಗಿಯ ಸೀಟು ನನ್ನ ಸೀಟೇ ಅನ್ನುವ ಹಾಗಾಗಿತ್ತು. ಹುಡುಕಿ ಹುಡುಕಿ ಶಿವಮೊಗ್ಗದ ಒಂದು ಟ್ರಸ್ಟನ್ನು ಹಿಡಿದೆ. ಅವರದ್ದು ಒಳ್ಳೆಯ ಪದ್ಧತಿ. ಮಂಜೂರಾದ ಕೂಡಲೇ ಕಾಲೇಜಿಗೇ ಚೆಕ್ಕು ಕಳಿಸುತ್ತಾರೆ. ಅಲ್ಲದೆ ಒಂದೇ ಮನೆಯಲ್ಲಿ ಓದುವವರು ಹೆಚ್ಚಿದ್ದಷ್ಟೂ ತಲೆಗೆ ಸಿಗುವ ನೆರವೂ ಹೆಚ್ಚು.

ಇದನ್ನು ಮೇಸ್ತ್ರಿಗೆ ಬಿಡಿಸಿ ಹೇಳಿದ್ದೇ ತಪ್ಪಾಯಿತು. ಮಾರನೆಯ ದಿನ ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಮದುವೆಗೆ ಹೋಗುವ ಸೀರೆ ಉಟ್ಟು, ಒಂದು ಹಳೆಯ ಪ್ಲಾಸ್ಟಿಕ್ ಕವರನ್ನು ಎದೆಗವಚಿಕೊಂಡಿದ್ದರು.

"ಇವಳನ್ನೂ ಸೇರಿಸ್ಕೊಳಿ ಮೇಡಂ. ನಾಲ್ಕು ಜನ ಆಗ್ತಾರೆ."

"ಇವರು ಎಲ್ಲಿ ಓದ್ತಿದಾರೆ ಮೇಸ್ತ್ರಿ?"

"ಪಿಯುಸಿ ಇಂಗ್ಲಿಷಲ್ಲಿ ಹೋಗಿತ್ತು. ಆಮೇಲೆ ಮದುವೆ ಆಯ್ತು. ಈಗ ಮತ್ತೆ ಕಟ್ಟಿಸ್ತೀನಿ, ಏನೀಗ?"

ಆಕೆ ನಾಚಿಕೆಯಿಂದಲೇ ಕವರಿನಿಂದ ಅಂದಿನ ಮಾರ್ಕ್ಸ್ ಕಾರ್ಡು ತೆಗೆದು ತೋರಿಸಿದರು. ಕನ್ನಡದಲ್ಲಿ ಬಂದ ಅಂಕ ನೋಡಿ ನಾನು ಬೆರಗಾದೆ. "ನಂಗೆ ಓದೋಕೆ ತುಂಬ ಆಸೆ ಇತ್ತು ಅಕ್ಕ" ಅಂದಾಗ ಆ ಕಣ್ಣಲ್ಲಿ ನಿಜವಾಗಲೂ ಬೆಳಕಿತ್ತು. ನನಗೂ ಹುಮ್ಮಸ್ಸು ಬಂತು. ಟ್ರಸ್ಟಿನ ಲೆಕ್ಕಕ್ಕೆ ಪಿಯುಸಿ ಬರುವುದಿಲ್ಲ, ಆದರೆ ಪರೀಕ್ಷೆ ಖಂಡಿತ ಕಟ್ಟಬಹುದು, ನಾನೇ ಅರ್ಜಿ ಹಾಕಿಕೊಡುತ್ತೇನೆ ಅಂದೆ.

ಲೆಕ್ಕಕ್ಕೆ ಬರುವುದಿಲ್ಲ ಅಂದ ಕೂಡಲೇ ಮೇಸ್ತ್ರಿಗೆ ಆಸಕ್ತಿ ಇಳಿಯಿತು. "ಹಂಗಾದ್ರೆ ಬೇಡ ಬಿಡು, ನಡಿ ಹೋಗಣ" ಅಂದರು.

ಆಕೆ ಏಳಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದರು: "ಅಕ್ಕ, ಹಾಸ್ಟೆಲ್ ಸಿಗುತ್ತಾ? ಅಲ್ಲಿ ಮೂರು ಹೊತ್ತೂ ಅವರೇ ಮಾಡಿ ಬಡಿಸ್ತಾರಂತಲ್ಲ?"

೩. ಹೊಳಲೂರಿನ ಓಟಿಪಿ

ಟ್ರಸ್ಟಿಗೆ ಅರ್ಜಿ ಹಾಕಬೇಕಾದರೆ ಮೊದಲು ಸರ್ಕಾರದ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿದ ರಸೀದಿ ಬೇಕು. ಅದಕ್ಕೆ ಚಿಕ್ಕವಳ ಆಧಾರ್ ಹಾಕಿದೆ. ಓಟಿಪಿ ಹೋಯಿತು. ಯಾರ ಫೋನಿಗೂ ಬರಲಿಲ್ಲ.

"ಯಾವ ನಂಬರ್ ಕೊಟ್ಟಿದ್ರಿ?" ಅಂದೆ.

ಮೇಸ್ತ್ರಿ ಮುಖ ಸಣ್ಣಗಾಯಿತು. ಆಧಾರ್ ಮಾಡಿಸುವಾಗ ಹುಡುಗಿ ತಾಯಿಯ ತವರು ಹೊಳಲೂರಿನಲ್ಲಿದ್ದಳಂತೆ. ಕೊಟ್ಟದ್ದು ಸೋದರಮಾವನ ನಂಬರು. ಆ ಭಾವಮೈದನಿಗೂ ಮೇಸ್ತ್ರಿಗೂ ಎರಡು ವರ್ಷದಿಂದ ಮಾತಿಲ್ಲ. ಭಾವಮೈದ ಹೊಸ ಮನೆ ಕಟ್ಟಿಸಿ ಗೋಡೆಗೆ ಗಂಧದ ಬಣ್ಣ ಕೇಳಿದ್ದ, ಮೇಸ್ತ್ರಿ ಹೊಡೆದದ್ದು ಅರಿಶಿನದ ಹಾಗೆ ಕಂಡಿತು. ಗೃಹಪ್ರವೇಶದ ಪಂಕ್ತಿಯಲ್ಲೇ ಮಾತಿಗೆ ಮಾತು ಬೆಳೆದು, ಮೇಸ್ತ್ರಿ ಅರ್ಧ ಊಟದಲ್ಲಿ ಎದ್ದು ಬಂದಿದ್ದರು.

ಹುಡುಗಿ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. "ಮಾವ, ಒಂದು ನಂಬರ್ ಬಂದಿರುತ್ತೆ, ಹೇಳ್ತೀಯಾ?"

"ಬಂದಿದೆ ಪುಟ್ಟಿ. ನಿಮ್ಮಪ್ಪ ಕೇಳ್ಲಿ, ಹೇಳ್ತೀನಿ."

ಮೇಸ್ತ್ರಿ ತಲೆ ಅಡ್ಡಡ್ಡ ಆಡಿಸಿದರು. ನಾನು ಗದರಿದೆ. "ಇದು ಹತ್ತು ನಿಮಿಷಕ್ಕೆ ಸಾಯೋ ನಂಬರು ಮೇಸ್ತ್ರಿ. ಮಗಳ ಸೀಟು ದೊಡ್ಡದೋ ನಿಮ್ಮ ಮೀಸೆ ದೊಡ್ಡದೋ?"

ಮೇಸ್ತ್ರಿ ಫೋನಿನ ಕಡೆ ನೋಡದೆ ಕ್ಯಾಲೆಂಡರ್ ನೋಡುತ್ತಾ ಅಂದರು: "ಹೂಂ, ಹೇಳಪ್ಪಾ."

ಅಷ್ಟು ಸಾಕಾಯಿತು. ಭಾವಮೈದನ ಬಾಯಿ ಕಟ್ಟೆ ಒಡೆಯಿತು. "ಹಾಂ ಭಾವ! ಈಗ ನೆನಪಾದ್ನಾ? ನನ್ನ ಮಗನ ನಾಮಕರಣಕ್ಕೆ ಬಂದ್ರಾ? ಅಮ್ಮ ಬಿದ್ದು ಕಾಲು ಉಳುಕಿಸ್ಕೊಂಡಾಗ ಕೇಳಿದ್ರಾ?" ಅವನ ದೂರಿನ ಪಟ್ಟಿ ಮುಗಿಯುವಷ್ಟರಲ್ಲಿ ಓಟಿಪಿ ಸತ್ತಿತು. ಇನ್ನೊಂದು ಕಳಿಸಿದೆ. ಈ ಸಲ ಮೇಸ್ತ್ರಿಯ ಸರದಿ. "ಶೇಡ್ ಕಾರ್ಡಲ್ಲಿ ನೀನೇ ಬೆರಳಿಟ್ಟು ತೋರ್ಸಿದ್ದೆ ಮಾರಾಯ! ನೆಂಟ್ರ ಮುಂದೆ ನನ್ನ ಕೆಲಸ ಗೊತ್ತಿಲ್ಲದೋನು ಅಂದ್ಯಲ್ಲ!" ಅದೂ ಸತ್ತಿತು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಮ್ಮ ಕೆಲಸ ಬಿಟ್ಟು ಕೇಳುತ್ತಾ ನಿಂತಿದ್ದರು. ಒಬ್ಬರಂತೂ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಕೊನೆಗೆ ಇಬ್ಬರಿಗೂ ದಮ್ಮು ಕಡಿಮೆಯಾಯಿತು. ನಾನು ಮೂರನೆಯ ಓಟಿಪಿ ಕಳಿಸಿದೆ. ಭಾವಮೈದನ ದನಿ ಮೆತ್ತಗಾಯಿತು. "ಹೋಗ್ಲಿ ಬಿಡಿ ಭಾವ. ಬರೀತೀರಾ? ನಂಬರ್ ಹೇಳ್ತೀನಿ." ಮೇಸ್ತ್ರಿ ಮೂಗೊರೆಸಿಕೊಂಡು ನನಗೆ ಸನ್ನೆ ಮಾಡಿದರು. ನಾನು ನಂಬರು ಒತ್ತಿದೆ. ಪರದೆಯ ಮೇಲೆ ಬಂತು: ಸರ್ವರ್ ಲಭ್ಯವಿಲ್ಲ.

ಸರ್ವರ್ ಬರಲಿ ಅಂತ ಇಬ್ಬರೂ ಫೋನ್ ಇಡದೆ ಕಾದರು. ಕಾಯುತ್ತಾ ಕಾಯುತ್ತಾ ಅಮ್ಮನ ಕಾಲು, ಮಗುವಿನ ಹಲ್ಲು, ಹೊಸ ಮನೆಯ ನಲ್ಲಿ, ಎಲ್ಲ ಮಾತಾಡಿದರು. ಸರ್ವರ್ ಬರುವ ಹೊತ್ತಿಗೆ ಭಾನುವಾರ ಮೇಸ್ತ್ರಿ ಹೊಳಲೂರಿಗೆ ಕೋಳಿ ಸಾರಿಗೆ ಹೋಗುವುದು ಕೂಡ ನಿಶ್ಚಯವಾಗಿತ್ತು. ಹೊಸ ಓಟಿಪಿಯಲ್ಲಿ ಅರ್ಜಿಯೂ ಹೋಯಿತು. ಸರ್ಕಾರದ ಸರ್ವರ್ ಕೆಟ್ಟಿದ್ದರಿಂದ ಒಂದು ಸಂಬಂಧ ರಿಪೇರಿಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

೪. ಕೇಳಲು ಹೋಗಿ

ಟ್ರಸ್ಟಿನವರು ಸಂದರ್ಶನಕ್ಕೆ ಕರೆದರು. "ನೀವೂ ಬನ್ನಿ ಮೇಡಂ, ನಂಗೆ ದೊಡ್ಡೋರ ಮುಂದೆ ಮಾತು ಬರಲ್ಲ" ಅಂದರು ಮೇಸ್ತ್ರಿ. ಅಂಗಡಿಗೆ ಬಾಗಿಲು ಹಾಕಿ, ಅವರ ಜೊತೆ, ಹೆಣ್ಣುಮಕ್ಕಳಿಬ್ಬರ ಜೊತೆ ಶಿವಮೊಗ್ಗದ ಬಸ್ಸು ಹತ್ತಿದೆ.

ಟ್ರಸ್ಟಿನ ಹಿರಿಯರು ಒಬ್ಬ ನಿವೃತ್ತ ಮೇಷ್ಟ್ರು. ಬಿಳಿ ಜುಬ್ಬ, ನಿಧಾನದ ಮಾತು. ಮೊದಲು ಚಿಕ್ಕವಳನ್ನು ಕೇಳಿದರು, ಅವಳು ತನ್ನ ಬದನೆ ಗಿಡಕ್ಕೆ ಹುಳ ಬಿದ್ದ ಕಥೆಯನ್ನು ಎಷ್ಟು ಉತ್ಸಾಹದಿಂದ ಹೇಳಿದಳೆಂದರೆ ಮೇಷ್ಟ್ರು ಔಷಧಿಯ ಹೆಸರು ಬರೆದುಕೊಂಡರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು.

"ನಿಮ್ಮ ಮನೆ ಪರಿಸ್ಥಿತಿ ಹೇಗಿದೆ?"

ಮೇಸ್ತ್ರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಮಳೆಗಾಲದಲ್ಲಿ ಕೆಲಸ ಇರಲ್ಲ ಸಾರ್. ಮನೇಲಿರೋದು ಎರಡು ಪ್ಲಾಸ್ಟಿಕ್ ಕುರ್ಚಿ. ಮೂರನೆಯವರು ಬಂದ್ರೆ ನಾನು ಎದ್ದು ನಿಂತ್ಕೋತೀನಿ. ಮಕ್ಕಳು ಮಾತ್ರ ಓದ್ತಾರೆ ಸಾರ್, ಅದೊಂದೇ ಆಸ್ತಿ."

ಎಷ್ಟು ಚೆನ್ನಾಗಿ ಹೇಳಿದರು! ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮೇಷ್ಟ್ರು ಸೌಜನ್ಯಕ್ಕೆ "ನಿಮಗೇನಾದ್ರೂ ಕೇಳೋದಿದೆಯಾ?" ಅಂದರು. ಮೇಸ್ತ್ರಿ ಎದ್ದರು. ಸೀದಾ ಮೇಷ್ಟ್ರ ಹಿಂದಿನ ಗೋಡೆಗೆ ಹೋಗಿ ಬೆರಳಲ್ಲಿ ತಟ್ಟಿದರು.

"ಇದ್ರಲ್ಲಿ ತೇವ ಇದೆ ಸಾರ್. ಮೇಲೆ ಎಷ್ಟು ಬಣ್ಣ ಹೊಡುದ್ರೂ ನಿಲ್ಲಲ್ಲ. ಮೊದ್ಲು ಕೆರೆದು ಪುಟ್ಟಿ ಹಾಕ್ಬೇಕು. ಯಾರು ಮಾಡಿದ್ದು ಈ ಕೆಲಸ?"

ಮೇಷ್ಟ್ರು ಕಕ್ಕಾಬಿಕ್ಕಿ. ದೊಡ್ಡ ಮಗಳು ಸೆರಗಿಲ್ಲದ ಚೂಡಿದಾರದಲ್ಲೇ ಸೆರಗು ಹುಡುಕಿ ಮುಖ ಮುಚ್ಚಿಕೊಳ್ಳಲು ನೋಡಿದಳು. ಮೇಸ್ತ್ರಿ ಹಾಲು, ವರಾಂಡ, ಮೆಟ್ಟಿಲು ಎಲ್ಲ ಸುತ್ತಿ ಬಂದು ಅಂದಾಜು ಹೇಳಿದರು. ರೇಟು ಹೆಚ್ಚಾಯಿತೇನೋ ಅಂದುಕೊಂಡು, "ಟ್ರಸ್ಟು ಅಂತ ನೂರಕ್ಕೆ ಹತ್ತು ಬಿಡ್ತೀನಿ" ಅಂತಲೂ ಸೇರಿಸಿದರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಶನಿವಾರ ತಿಳಿಸ್ತೀವಿ" ಅಂದರು.

ಬಸ್ಸಿನಲ್ಲಿ ನಾನು ಸಿಟ್ಟು ತಡೆಯಲಿಲ್ಲ. "ಸಹಾಯ ಕೇಳೋಕೆ ಹೋಗಿ ಡಿಸ್ಕೌಂಟ್ ಕೊಟ್ಟು ಬಂದ್ರಲ್ಲ ಮೇಸ್ತ್ರಿ!"

ಮೇಸ್ತ್ರಿ ಕಿಟಕಿಯಾಚೆ ನೋಡುತ್ತಾ ನಿಟ್ಟುಸಿರು ಬಿಟ್ಟರು. "ಅವರ ಪರಿಸ್ಥಿತಿ ನೋಡಿದ್ರಾ ಮೇಡಂ? ಗೋಡೆನೇ ಹಂಗಿದೆ. ಪಾಪ, ನಮಗೆ ಕೊಡೋಕೆ ಅವರ ಹತ್ರ ಇದೆಯೋ ಇಲ್ವೋ!"

೫. ಸೋಫಾ ನಮ್ಮನೆಯದು

ಅಷ್ಟರಲ್ಲಿ ಹೊಳಲೂರಿನ ಭಾವಮೈದ ಹೊಸ ಪ್ರೀತಿಯ ಅಬ್ಬರದಲ್ಲಿ ದೊಡ್ಡ ಮಗಳಿಗೆ ಒಂದು ಗಂಡು ತಂದ. ಹುಡುಗ ಶಿವಮೊಗ್ಗದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್, ಅಪ್ಪನದ್ದು ಹಿಟ್ಟಿನ ಗಿರಣಿ. "ಎಂ.ಎಸ್ಸಿ. ಬಿಡಿಸಲ್ಲ ಅಂದ್ರೆ ಮಾತ್ರ ಬರ್ಲಿ" ಅಂದಳು ಹುಡುಗಿ. ಅವರು ಒಪ್ಪಿದರು. ಭಾನುವಾರ ಹೆಣ್ಣು ನೋಡುವ ಶಾಸ್ತ್ರ. ನವುಲೆಯ ಫೀಸಿಗೆ ಸೋಮವಾರ ಕೊನೆ. ಶನಿವಾರ ಕಳೆದರೂ ಟ್ರಸ್ಟಿನಿಂದ ಸುದ್ದಿಯೇ ಇಲ್ಲ. ಚಿಕ್ಕವಳು ಊಟ ಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಮೇಸ್ತ್ರಿಯ ಆಳುಗಳು ಬಂದು ನಮ್ಮ ಮನೆಯ ಸೋಫಾವನ್ನು ಹೊತ್ತುಕೊಂಡು ಹೋದರು. ಸೋಫಾದ ಹಿಂದೆ ನಾನೂ ಹೋದೆ. ಹಾಲಿನ ನಾಲ್ಕು ಗೋಡೆಗೆ ನಾಲ್ಕು ಬಣ್ಣ. ಊರಿನ ದೊಡ್ಡ ಮನೆಗಳಲ್ಲಿ ಹೊಡೆದು ಉಳಿದ ಬಣ್ಣವೆಲ್ಲ ಅಲ್ಲಿತ್ತು. ಕಿಟಕಿಯ ಪಕ್ಕದ ನವಿಲು ಹಸಿರನ್ನು ಮೇಸ್ತ್ರಿ ರಾತ್ರಿಯಷ್ಟೇ ಹೊಡೆದಿದ್ದರು.

ಗಂಡಿನ ಕಡೆಯವರು ಕಾರಿನಲ್ಲಿ ಬಂದರು. ಭಾವಮೈದ ಎರಡೂ ಕಡೆ ಏನೇನು ಹೇಳಿದ್ದನೋ, ಮಾತು ಶುರುವಾದ ಮೇಲೆ ಗೊತ್ತಾಯಿತು.

"ತಾವು ದೊಡ್ಡ ಕಾಂಟ್ರಾಕ್ಟರ್ ಅಂತ ಕೇಳಿದೆ" ಅಂದರು ಗಂಡಿನ ತಂದೆ.

"ಇದೆ, ಏನೋ ಒಂದು ಮಟ್ಟಕ್ಕೆ" ಅಂದರು ಮೇಸ್ತ್ರಿ ನಮ್ಮ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ. "ತಮ್ಮದು ಹಿಟ್ಟಿನ ಫ್ಯಾಕ್ಟರಿ ಅಂತೆ?"

"ಹೌದು, ಇನ್ನೊಂದು ಬ್ರಾಂಚ್ ಮಾಡೋ ಆಲೋಚನೆ ಇದೆ."

"ಈ ಬಣ್ಣ ಎಲ್ಲ ಈಗಿನ ಫ್ಯಾಷನ್ನು, ಗೋಡೆಗೊಂದು. ಒರಗ್ಬೇಡಿ!" ಅಂತ ಮೇಸ್ತ್ರಿ ಅನ್ನುವಷ್ಟರಲ್ಲಿ ಗಂಡಿನ ತಂದೆ ಒರಗಿ ಆಗಿತ್ತು. ಬಿಳಿ ಅಂಗಿಯ ಬೆನ್ನೆಲ್ಲ ನವಿಲು ಹಸಿರು. "ಪರವಾಗಿಲ್ಲ, ಮನೇಲಿ ಇಂಥ ಅಂಗಿ ಬೇಕಾದಷ್ಟಿದೆ" ಅಂದರು ಆ ಪುಣ್ಯಾತ್ಮ.

ಆಗ ಹೊರಗಿನಿಂದ ಯಾರೋ ಕೆಮ್ಮಿದರು. "ಬನ್ನಿ ಬನ್ನಿ, ನಮ್ಮ ಕಡೆ ಹಿರಿಯರು, ಬಸ್ಸಲ್ಲಿ ಬರ್ತೀನಿ ಅಂದಿದ್ರು" ಅಂತ ಹುಡುಗನ ತಾಯಿ ಎದ್ದರು. ಒಳಗೆ ಬಂದವರು ಬಿಳಿ ಜುಬ್ಬದ ಮೇಷ್ಟ್ರು! ಟ್ರಸ್ಟಿನ ಅದೇ ಮೇಷ್ಟ್ರು!

ಮೇಸ್ತ್ರಿಯ ಕಾಲು ತಾನಾಗಿ ಕೆಳಗಿಳಿಯಿತು. ಎರಡು ಪ್ಲಾಸ್ಟಿಕ್ ಕುರ್ಚಿ ಅಂದವರ ಮನೆಯಲ್ಲಿ ಮೂರು ಜನರ ಸೋಫಾ! ನವುಲೆಯ ಸೀಟು ಹೋಯಿತು ಅಂದುಕೊಂಡೆ. ಆದರೆ ಗಂಡಿನ ತಂದೆಯ ಮುಖವೂ ಯಾಕೆ ಬೆಳ್ಳಗಾಗಿದೆ ಅಂತ ತಿಳಿಯಲಿಲ್ಲ.

"ಕಾಲು ತೊಳ್ಕೊಳಿ ಸಾರ್" ಅಂತ ಮೇಸ್ತ್ರಿ ಮೇಷ್ಟ್ರ ಒಂದು ಕೈ ಹಿಡಿದರು. "ನೀರು ನಾನು ಹಾಕ್ತೀನಿ" ಅಂತ ಗಂಡಿನ ತಂದೆ ಇನ್ನೊಂದು ಕೈ ಹಿಡಿದರು. ಇಬ್ಬರೂ ಅವರನ್ನು ನಲ್ಲಿಯ ಹತ್ತಿರಕ್ಕೆ ಎಳೆದುಕೊಂಡೇ ಹೋದರು. ಕಿಟಕಿಯಿಂದ ನೋಡಿದೆ. ಮೊದಲು ಒಬ್ಬರು ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದರು. ಅವರು ಟವೆಲಿಗೆಂದು ತಿರುಗಿದಾಗ ಇನ್ನೊಬ್ಬರು ಇನ್ನೊಂದು ಕಿವಿಯಲ್ಲಿ ಹೇಳಿದರು.

ಮೇಷ್ಟ್ರು ಒಳಗೆ ಬಂದು, ಸೋಫಾವನ್ನು ಒಮ್ಮೆ, ಹಸಿರು ಬೆನ್ನನ್ನು ಒಮ್ಮೆ ನೋಡಿ ಕೂತರು.

"ನಾನು ಸುಳ್ಳು ಹೇಳೋನಲ್ಲ, ಗುಟ್ಟು ಇಟ್ಕೊಳ್ಳೋಕೂ ಬರಲ್ಲ. ಇಬ್ಬರೂ ನನ್ನ ಕಿವೀಲಿ ಹೇಳಿದ್ದು ಒಂದೇ ಮಾತು. ನಾವು ಟ್ರಸ್ಟಿಗೆ ಅರ್ಜಿ ಹಾಕಿರೋದು ಅವರಿಗೆ ಹೇಳ್ಬೇಡಿ ಅಂತ."

ಇಬ್ಬರು ಅಪ್ಪಂದಿರೂ ಒಬ್ಬರನ್ನೊಬ್ಬರು ನೋಡಿದರು.

"ಎಷ್ಟೋ ಮದುವೆ ಕೂಡಿಸಿದೀನಿ" ಅಂದರು ಮೇಷ್ಟ್ರು. "ಜಾತಕ ನೋಡೋದೇ ಬೇಡ. ಎರಡು ಮನೆ ವರಮಾನ ಪತ್ರ ಇಷ್ಟು ಚೆನ್ನಾಗಿ ಕೂಡಿ ಬಂದಿದ್ದು ನಾನು ಕಂಡಿಲ್ಲ."

ಮೊದಲು ನಕ್ಕದ್ದು ಹುಡುಗನ ತಾಯಿ. ಆಮೇಲೆ ಯಾರೂ ತಡೆಯಲಿಲ್ಲ. "ಕಾರು ನಮ್ಮ ಪಕ್ಕದ ಮನೇದು" ಅಂದರು ಗಂಡಿನ ತಂದೆ. "ಸೋಫಾ ಇವರ ಮನೇದು" ಅಂತ ಮೇಸ್ತ್ರಿ ನನ್ನನ್ನು ತೋರಿಸಿದರು.

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ದೊಡ್ಡ ಮಗಳು ಮಾತ್ರ ನಗಲಿಲ್ಲ. "ಸರ್, ನನ್ನ ವಿಷಯ ಆಮೇಲೆ. ನನ್ನ ತಂಗಿ ಫೀಸಿಗೆ ನಾಳೆ ಕೊನೆ. ಏನಾಯ್ತು ಅಂತ ಹೇಳಿ."

"ನಿನ್ನೆ ಸಂಜೇನೇ ಮಂಜೂರಾಗಿದೆ ತಾಯಿ. ಬೆಳಿಗ್ಗೆ ಕಾಲೇಜಿಗೆ ಚೆಕ್ಕು ಹೋಗುತ್ತೆ. ಎಷ್ಟು ಸಲ ಫೋನ್ ಮಾಡಿದ್ರೂ ನಿಮ್ಮಪ್ಪ ಎತ್ತಲಿಲ್ಲ."

"ಕೈಯೆಲ್ಲ ಬಣ್ಣ ಇತ್ತು ಸಾರ್!" ಅಂತ ಕೂಗಿದರು ಮೇಸ್ತ್ರಿ. ಚಿಕ್ಕವಳು ಅಡಿಗೆಮನೆಯಿಂದ ಚೀರಿಕೊಂಡು ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು. ಕಾಫಿ ಚೆಲ್ಲಿತು. ನಾನು ಅತ್ತೇಬಿಟ್ಟೆ. ಅಷ್ಟು ಸಂತೋಷ ನನಗೆ ಈ ಅಂಗಡಿ ಇಟ್ಟ ಮೇಲೆ ಆಗಿರಲಿಲ್ಲ.

"ನಮ್ಮದು?" ಅಂದರು ಗಂಡಿನ ತಂದೆ ಮೆಲ್ಲಗೆ. ಹುಡುಗನ ತಮ್ಮ, ತಂಗಿ ಇಬ್ಬರೂ ಕಾಲೇಜಿನಲ್ಲಿದ್ದರು.

"ಅದೂ ಆಗಿದೆ. ಮುಂದಿನ ವರ್ಷ ಮಾತ್ರ ಮತ್ತೆ ಲೆಕ್ಕ ನೋಡ್ತೀವಿ, ಯಾವ ಮನೇಲಿ ಎಷ್ಟು ಜನ ಓದ್ತಿದಾರೆ ಅಂತ."

ಇದನ್ನು ಕೇಳಿದ್ದೇ ಗಂಡಿನ ತಂದೆ ಚುರುಕಾದರು. "ಹಂಗಾದ್ರೆ ಮದುವೆ ಬೇಗ ಮಾಡ್ಬಿಡಣ. ಸೊಸೆನೂ ಸೇರಿದ್ರೆ ನಮ್ಮಲ್ಲಿ ಮೂವರಾಗ್ತಾರೆ."

ಮೇಸ್ತ್ರಿ ಎದ್ದು ನಿಂತರು. "ಅದ್ಹೆಂಗೆ? ಅವಳು ಹೋದ್ರೆ ನಮ್ಮಲ್ಲಿ ಇಬ್ಬರೇ ಉಳೀತಾರೆ! ಎಂ.ಎಸ್ಸಿ. ಮುಗಿಯೋವರೆಗೂ ಅವಳು ನಮ್ಮನೆ ಲೆಕ್ಕ."

"ತಾಳಿ ಕಟ್ಟಿದ ಮೇಲೆ ನಮ್ಮನೆ ಲೆಕ್ಕ!"

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ನಮಗೆ ಬೇಕು, ನಮಗೆ ಬೇಕು ಅಂತ ಎರಡೂ ಕಡೆಯವರು ಜಗಳವಾಡಿದ್ದನ್ನು ನಾನು ಎಲ್ಲೂ ಕೇಳಿಲ್ಲ. ಮೇಷ್ಟ್ರು ಕಿವಿ ಮುಚ್ಚಿಕೊಂಡರು. ಹುಡುಗಿ ಅಲ್ಲಿಯವರೆಗೆ ತುಟಿ ಬಿಚ್ಚದ ಹುಡುಗನನ್ನು ನೋಡಿ, "ನೀವಾದ್ರೂ ಏನಾದ್ರೂ ಹೇಳಿ" ಅಂದಳು.

ಹುಡುಗ ಗಂಟಲು ಸರಿಮಾಡಿಕೊಂಡ. "ನಾನೂ ಈ ಸಲ ಎಂ.ಎಸ್ಸಿ.ಗೆ ಸೇರಣ ಅಂತಿದ್ದೆ."

ಜಗಳ ಟಕ್ಕನೆ ನಿಂತಿತು. ಮೇಸ್ತ್ರಿ ಎರಡೇ ಹೆಜ್ಜೆಗೆ ಹಾಲು ದಾಟಿ ಹುಡುಗನ ಎರಡೂ ಕೈ ಹಿಡಿದುಕೊಂಡರು. "ಅಳಿಯಂದ್ರೇ, ಹುಡುಗಿನ ಕಳಿಸೋ ಮಾತೇ ಬೇಡ. ನೀವೇ ನಮ್ಮನೆಗೆ ಬಂದ್ಬಿಡಿ, ನಾಲ್ಕು ಜನ ಆಗ್ತಾರೆ!"